ಮೋಲ್ಡಿಗೆ ಹೋದ ಕುರ್ಚಿ

“ಗಲ್ಲ ಇನ್ನೊಂಚೂರು ಕೆಳಗಿಳಿಸೋ ಮುದುಕ! ಬಡವ ಅಂದ್ರೆ ಹೀಗಾ ಕೂರೋದು? ಮದುವೆ ಮನೆಗೆ ಬಂದ ಬೀಗರ ಥರ ಕೂತಿದೀಯಲ್ಲ!”

ಒಟಾವಿಯೊ ಇದನ್ನು ನಗುನಗುತ್ತಲೇ ಹೇಳಿದ. ಅವನ ಬೆನ್ನ ಹಿಂದೆ ನಿಂತಿದ್ದ ಪರದೇಶದವರಿಗೆ ಇಲ್ಲಿನ ಮಾತು ಬಾರದು. ಗೈಡು ಮುದುಕನ ಕ್ಷೇಮಸಮಾಚಾರ ಕೇಳುತ್ತಿದ್ದಾನೆಂದುಕೊಂಡು ಅವರೂ ನಕ್ಕರು. ಜೆನಿವಾಲ್ದೊ ಗಲ್ಲ ಇಳಿಸಿದ. ಕಣ್ಣು ಅರ್ಧ ಮುಚ್ಚಿ, ಕೆಳತುಟಿಯನ್ನು ತುಸು ಜೋಲುಬಿಟ್ಟು, ಎರಡೂ ಕೈಗಳನ್ನು ಮಂಡಿಯ ಮೇಲೆ ಹೆಣದ ಕೈಗಳ ಹಾಗೆ ಚೆಲ್ಲಿಕೊಂಡ. ಕ್ಯಾಮೆರಾಗಳು ಕ್ಲಿಕ್ಕೆಂದವು. ಟೋಪಿ ಹಾಕಿದ್ದ ಹೆಂಗಸೊಬ್ಬಳಿಗೆ ಕಣ್ಣಲ್ಲಿ ನೀರೇ ಬಂತು.

ಈ ಮುಖ ಅವನಿಗೆ ಸುಮ್ಮನೆ ಒಲಿದದ್ದಲ್ಲ. ಮೊದಮೊದಲು ಜನರನ್ನು ಕಂಡರೆ ಅವನಿಗೆ ನಗು ಬರುತ್ತಿತ್ತು, ಇಲ್ಲವೇ ಆಕಳಿಕೆ ಬರುತ್ತಿತ್ತು. ಕನ್ನಡಿ ಮುಂದೆ ನಿಂತು ಕಲಿತ. ಈಗ ರಿಯೊ ಪಟ್ಟಣದ ಈ ಸಬಿಯಾ ಗುಡ್ಡದ ಕೊಳೆಗೇರಿಯಲ್ಲಿ ಅವನಷ್ಟು ಚೆನ್ನಾಗಿ ಬಡವನಾಗುವವರು ಬೇರೆ ಯಾರೂ ಇರಲಿಲ್ಲ. ಹಾಗಂತ ಗುಡ್ಡದಲ್ಲಿ ಬಡವರಿಗೆ ಬರವಿತ್ತೆಂದಲ್ಲ. ಪಕ್ಕದ ಮನೆಯ ಲಿಂದೊಮಾರನಂತೂ ಇವನಿಗಿಂತ ಬಡವ. ಆದರೆ ಪಾಪ, ಅವನ ಮುಖದಲ್ಲಿ ಅದು ಕಾಣುತ್ತಿರಲಿಲ್ಲ. ಅದೇ ಹೊಟ್ಟೆಕಿಚ್ಚು ಅವನಿಗೆ.

ಬದುಕೆಲ್ಲ ಗಾರೆ ಕೆಲಸ ಮಾಡಿದ ಜೆನಿವಾಲ್ದೊನಿಗೆ ಸೊಂಟ ಬಿದ್ದುಹೋದ ಮೇಲೆ ಗಿಟ್ಟಿದ ಕೆಲಸ ಇದು. ತಿಂಗಳಿಗೊಂದು ಗ್ಯಾಸ್ ಸಿಲಿಂಡರ್ ಒಟಾವಿಯೊ ಕೊಡಿಸುತ್ತಿದ್ದ. ಅದಕ್ಕೆ ಪ್ರತಿಯಾಗಿ ಶನಿವಾರ ಶನಿವಾರ ಟೀವಿಯ ಮೇಲೆ ಹೊದಿಕೆ ಹೊದಿಸಬೇಕು, ಫ್ರಿಜ್ಜಿಗೆ ಪರದೆ ಎಳೆಯಬೇಕು, ತೂತುಬಿದ್ದ ಬನಿಯನ್ನನ್ನು ಹೆಂಡತಿ ಝುಲ್ಮೀರಾ ಹೊಲಿಯದಂತೆ ಕಾಯಬೇಕು. ಬಾಗಿಲಲ್ಲಿ ಮುರುಕು ಕುರ್ಚಿ ಹಾಕಿಕೊಂಡು ಕೂರಬೇಕು. ಆ ಕುರ್ಚಿಯೂ ಮನೆಯದಲ್ಲ. ಗುಡ್ಡದಲ್ಲಿ ಇದ್ದದ್ದೆಲ್ಲ ಪ್ಲಾಸ್ಟಿಕ್ ಕುರ್ಚಿಗಳೇ. ಫೋಟೋದಲ್ಲಿ ಅವು ಚೆನ್ನಾಗಿ ಬರುವುದಿಲ್ಲವೆಂದು ಒಟಾವಿಯೊ ಪೇಟೆಯ ಹಳೇ ಸಾಮಾನಿನ ಅಂಗಡಿಯಲ್ಲಿ ಹುಡುಕಿ ಕೊಂಡು ತಂದಿದ್ದ. ಬಡತನಕ್ಕೂ ಎರವಲು ಸಾಮಾನು ಬೇಕಾಗುತ್ತದೆಂದು ಜೆನಿವಾಲ್ದೊನಿಗೆ ಗೊತ್ತಾದದ್ದು ಆಗಲೇ.

ಕೊನೆಯದಾಗಿ ತಾರಸಿ. ಅಲ್ಲಿ ನಿಂತರೆ ಇಡೀ ರಿಯೊ, ಆಚೆಗೆ ಸಮುದ್ರ. ಪ್ರವಾಸಿಗಳನ್ನು ಅಲ್ಲಿ ಹತ್ತಿಸಿ ಒಟಾವಿಯೊ ತನ್ನ ಭಾಷಣ ಮಾಡುತ್ತಿದ್ದ. ಅದರ ಮೇಲೆ ಒಂದು ಇಟ್ಟಿಗೆಯನ್ನೂ ಏರಿಸಕೂಡದೆಂಬುದು ಅವನ ಷರತ್ತು.

ಒಂದು ಸಲ ಅವರೆಲ್ಲ ಹೋದ ಮೇಲೆ ಜೆನಿವಾಲ್ದೊ ಮಗಳನ್ನು ಕೇಳಿದ. ತಾಯ್ನಾ ಕೆಳಗೆ ಹೋಟೆಲಿನಲ್ಲಿ ರೂಮು ಗುಡಿಸುತ್ತಿದ್ದವಳು, ಪರದೇಶದ ಮಾತು ಅಲ್ಪಸ್ವಲ್ಪ ಬರುತ್ತಿತ್ತು.

“ನನ್ ಬಗ್ಗೆ ಏನಂತಾನವ್ವ ಅವ್ನು?”

“ನೀನು ಹುಟ್ದಾಗ್ನಿಂದ ಸಮುದ್ರದ ತಾವ ಇಳಿದೇ ಇಲ್ವಂತೆ ಅಪ್ಪಾ.”

“ಬಡ್ಡಿಮಗ! ಸಮುದ್ರದ ಮುಂದ್ಗಡೆ ಇರೋ ಅರ್ಧ ಹೋಟ್ಲಿಗೆ ಗಾರೆ ಬಳ್ದೋನೇ ನಾನು.”

“ನಿಂಗೆ ಒಂಬತ್ ಮಕ್ಳಂತೆ.”

ಒಲೆಯ ಮುಂದಿದ್ದ ಝುಲ್ಮೀರಾ ಸೌಟು ಹಿಡಿದು ತಿರುಗಿದಳು. “ಒಂದ್ನ ನಾನ್ ಹೆತ್ತೆ. ಮಿಕ್ಕಿದ್ನೆಲ್ಲ ಎಲ್ ಮಡಗಿದ್ದೀಯ ಹೇಳು ಮುದ್ಕ!”

ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಗ್ಯಾಸಿನ ಮೇಲೆ ಅನ್ನ ಬೇಯುತ್ತಿತ್ತು, ನಗುವುದಕ್ಕೆ ಅಡ್ಡಿಯಿರಲಿಲ್ಲ.

ಆ ನಗು ಬಹಳ ದಿನ ಉಳಿಯಲಿಲ್ಲ. ತಾಯ್ನಾ ಬಸುರಿಯೆಂದು ಗೊತ್ತಾದೊಡನೆ ಹೋಟೆಲಿನವರು ಕೆಲಸದಿಂದ ತೆಗೆದರು, ಗಂಡನೆಂಬುವವನು ಫೋನು ಎತ್ತುವುದನ್ನು ಬಿಟ್ಟ. ಹೆರಿಗೆಯಾದ ಮೇಲೆ ಅವಳು ಕೂಸಿನೊಂದಿಗೆ ಅಪ್ಪನ ಅಡುಗೆಮನೆಗೆ ಬಂದು ಫ್ರಿಜ್ಜಿನ ಪಕ್ಕ ಮಲಗತೊಡಗಿದಳು. ಹಿಂದಿನ ಗೋಡೆಗೆ ಗುಡ್ಡದ ಮಣ್ಣು ಒರಗಿಕೊಂಡಿದ್ದರಿಂದ ಅಲ್ಲಿ ಸದಾ ತೇವ. ಕೂಸಿನ ಎದೆಯಲ್ಲಿ ಗೊರಗೊರ ಶಬ್ದ ಶುರುವಾಯಿತು. ಗಾಳಿಯಾಡುವ ಕಡೆ ಮಲಗಿಸದಿದ್ದರೆ ಮಗು ಉಳಿಯುವುದು ಕಷ್ಟ ಎಂದು ಆಸ್ಪತ್ರೆಯ ನರ್ಸು ಮುಚ್ಚುಮರೆಯಿಲ್ಲದೆ ಹೇಳಿದಳು. ಗಾಳಿಯಾಡುವ ಕಡೆ ಎಂದರೆ ತಾರಸಿಯೊಂದೇ.

ಆ ಶನಿವಾರ ಕೂಸಿನ ಅಳು ಕೇಳಿ ಒಟಾವಿಯೊ ಪರದೆ ಸರಿಸಿ ನೋಡಿದ. ಕೆನ್ನೆ ಹಿಂಡಿದ. “ಛೆ, ಮಗು ಇದ್ರೆ ಒಳ್ಳೇದೇ. ಆದ್ರೆ ಇಷ್ಟು ದುಂಡಗಿದ್ರೆ ಆಗಲ್ಲ. ಒಳಗೇ ಇಟ್ಕೊಳಮ್ಮ.”

“ಹಾಲುಣ್ಣೋ ಕೂಸಿಗೆ ದೃಷ್ಟಿ ಹಾಕ್ತಾನಲ್ಲ, ಇವ್ನ ಕಣ್ಣು ಸೀದೋಗ!” ಎಂದಳು ಝುಲ್ಮೀರಾ, ಅವನು ಮೂಲೆ ತಿರುಗಿದ ಮೇಲೆ.

ಮರುದಿನದಿಂದಲೇ ಜೆನಿವಾಲ್ದೊ ತಾರಸಿಯ ಹಿಂಭಾಗದಲ್ಲಿ ಗೋಡೆ ಎಬ್ಬಿಸತೊಡಗಿದ. ಒಟಾವಿಯೊ ಕೇಳಿದಾಗ, “ಕೋಳಿ ಗೂಡು ಸಾರ್,” ಎಂದ. ಗೋಡೆ ಎದೆಮಟ್ಟ ಬಂದಾಗಲೂ ಕೋಳಿ ಗೂಡೇ. ತಲೆಯನ್ನು ಮೀರಿದಾಗ ಒಟಾವಿಯೊ, “ಏನಯ್ಯಾ, ಒಂಟೆ ಸಾಕ್ತೀಯಾ?” ಎಂದು ನಕ್ಕು ಸುಮ್ಮನಾದ. ಮುಂಭಾಗ ಬಯಲಾಗಿಯೇ ಇತ್ತು, ಸಮುದ್ರ ಕಾಣುತ್ತಿತ್ತು, ಅವನಿಗೆ ಅಷ್ಟು ಸಾಕಾಗಿತ್ತು.

ಆದರೆ ಚಾವಣಿಗೆ ಕಾಂಕ್ರೀಟಿನ ಮೋಲ್ಡು ಹಾಕುವುದೆಂದರೆ ಹಾಗೆ ಮುಚ್ಚಿಡುವ ವಿಷಯವಲ್ಲ. ಗುಡ್ಡದಲ್ಲಿ ಯಾರ ಮನೆಗೆ ಮೋಲ್ಡು ಹಾಕಿದರೂ ಓಣಿಯ ಓಣಿಯೇ ಬರುತ್ತದೆ. ಕೂಲಿಯಿಲ್ಲ. ಮನೆಯವರು ಕಪ್ಪುಕಾಳಿಗೆ ಹಂದಿಮಾಂಸ ಹಾಕಿ ದೊಡ್ಡ ಹಂಡೆಯಲ್ಲಿ ಫೆಜೊವಾದ ಮಾಡಿ ಬಡಿಸಬೇಕು, ಕಬ್ಬಿನ ಸಾರಾಯಿ ಇಡಬೇಕು. ಆ ದಿನ ಆ ಓಣಿಯ ಮೆಟ್ಟಿಲನ್ನು ಬರಿಗೈಯಲ್ಲಿ ಯಾರೂ ಹತ್ತುವಂತಿಲ್ಲ. ಚರ್ಚಿಗೆ ಹೊರಟ ಪಾದ್ರಿಯಾಗಲಿ, ಸಾಲ ವಸೂಲಿಗೆ ಬಂದವನಾಗಲಿ, ಒಂದು ಡಬ್ಬ ಕಾಂಕ್ರೀಟು ಹೆಗಲಿಗೇರಿಸಿಕೊಂಡೇ ಮೇಲೆ ಹೋಗಬೇಕು. ಹಾಗೆಯೇ ಶುರುಮಾಡಿದ ಮೇಲೆ ನಡುವೆ ನಿಲ್ಲಿಸುವಂತಿಲ್ಲ. ನಿಲ್ಲಿಸಿದಲ್ಲಿ ಬಿರುಕು ಬಿಡುತ್ತದೆ.

ಆ ವಾರ ಶನಿವಾರ ಜಡಿಮಳೆ, ಒಟಾವಿಯೊ ಬರಲಿಲ್ಲ. ಒಳ್ಳೆಯದೇ ಆಯಿತೆಂದು ಭಾನುವಾರ ಬೆಳಿಗ್ಗೆ ಕೆಲಸ ಶುರುವಾಯಿತು. ಓಣಿಯಲ್ಲೇ ಜಲ್ಲಿ, ಮರಳು, ಸಿಮೆಂಟು ಕಲಸಿದರು. ಮೆಟ್ಟಿಲುದ್ದಕ್ಕೂ ಸಾಲು ನಿಂತಿತು. ಲಿಂದೊಮಾರ ಎಲ್ಲರಿಗಿಂತ ಮುಂದೆ. ಹಂಡೆ ಕುದಿಯತೊಡಗಿತ್ತು. ಅರ್ಧ ಮೋಲ್ಡು ಮುಗಿದಿತ್ತು. ಆಗ ಓಣಿಯ ತಿರುವಿನಲ್ಲಿ ಒಟಾವಿಯೊನ ಹಳದಿ ಕೊಡೆ ಕಾಣಿಸಿತು. ನಿನ್ನೆಯ ಗಿರಾಕಿಗಳನ್ನು ಇವತ್ತು ಕರೆತಂದಿದ್ದ.

ಅವನು ಮೇಲೆ ನೋಡಿದ. ಮೋಲ್ಡಿಗೆ ಕೆಳಗಿನಿಂದ ಆನಿಸಿದ ಸೆಂಟ್ರಿಂಗ್ ಹಲಗೆ, ಕಂಬಿ, ಕಾಂಕ್ರೀಟು ನೋಡಿದ. ಮುಖದಲ್ಲಿ ನಗು ಹಾಗೇ ಇತ್ತು, ಬಾಯಲ್ಲಿ ಮಾತ್ರ ಬೇರೆ.

“ಕಳ್ಳ ಸೂಳೆಮಗನೇ, ಇದಾ ನಿನ್ನ ಕೋಳಿ ಗೂಡು? ಉಪ್ಪರಿಗೆ ಮೇಲೆ ಕೂತ ಬಡವನ್ನ ನೋಡೋಕೆ ಯಾವನು ಬರ್ತಾನೆ?”

ಜೆನಿವಾಲ್ದೊ ಬಾಗಿಲಿಗೆ ಇಳಿದು ಬಂದ. “ಮಗೂಗೆ ಉಸ್ರಾಟ ಸಾರ್. ಒಂದೇ ಒಂದ್ ರೂಮು...”

“ಒಂದು ಫೋನ್ ಮಾಡಿದ್ರೆ ಸಾಕು, ನಗರಸಭೆಯವರು ಬಂದು ಗೋಡೆಗೆ ನಂಬರ್ ಬರೀತಾರೆ. ಆಮೇಲೆ ಬುಲ್ಡೋಜರ್ ಹತ್ರ ಹೇಳ್ಕೋ ನಿನ್ನ ಉಸಿರಾಟ.” ಅಷ್ಟರಲ್ಲಿ ಅವನ ಗಿರಾಕಿಗಳು ಡಬ್ಬ ಹೊತ್ತವರ ಸಾಲನ್ನು ಕಂಡು ಆಹಾ ಓಹೋ ಎನ್ನತೊಡಗಿದ್ದರು. ಒಟಾವಿಯೊನ ಕಣ್ಣು ಹೊಳೆಯಿತು. “ಸರಿ. ಇವತ್ತು ಇದೇ ಆಗ್ಲಿ. ಎಲ್ಲರೂ ಅಂಗಿ ಬಿಚ್ಚಲಿ. ಕೆಳಗಿಳಿದು ಮತ್ತೆ ಹತ್ತೋಕೆ ಹೇಳು, ನಿಧಾನವಾಗಿ. ನೀನು ಕುರ್ಚೀಲಿ ಕೂತ್ಕೊ, ಡಬ್ಬ ತೊಡೆ ಮೇಲಿರಲಿ.”

ಜೆನಿವಾಲ್ದೊ ಏನು ಮಾಡಿದನೆನ್ನುತ್ತೀರಿ? ಆತ ಗುಡ್ಡದ ಅರ್ಧ ಮನೆಗಳಿಗೆ ಮೋಲ್ಡು ಹಾಕಿದವನು. ನಡುವೆ ನಿಲ್ಲಿಸಿದ ಮೇಸ್ತ್ರಿಗಳ ಅವ್ವಂದಿರನ್ನೆಲ್ಲ ಬೈದವನು. ಅಂಥವನು ಕೈಯೆತ್ತಿ, “ನಿಲ್ಸ್ರೋ! ನಿಲ್ಸ್ರಪ್ಪಾ, ಫೋಟೋ!” ಎಂದು ಕೂಗಿದ. ಕೂಗಿ, ಕುರ್ಚಿಯಲ್ಲಿ ಕೂತು, ಗಲ್ಲ ಇಳಿಸಿದ.

ಸಾಲು ನಿಂತಿತು. ಹೆಗಲ ಮೇಲೆ ಡಬ್ಬ ಹೊತ್ತ ಗಂಡಸರು, ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಟೋಪಿಯ ಹೆಂಗಸೊಬ್ಬಳು ತಾನೂ ಹೊರುತ್ತೇನೆಂದು ಸನ್ನೆ ಮಾಡಿ ಒಂದು ಡಬ್ಬ ಎತ್ತಿಕೊಂಡಳು. ಅವಳ ಜೊತೆಯವರು ಚಪ್ಪಾಳೆ ತಟ್ಟಿ ಅವಳ ಫೋಟೋ ತೆಗೆದರು. ಫೋಟೋ ಮುಗಿಯಿತು, ಅವಳು ಡಬ್ಬವನ್ನು ಮೆಟ್ಟಿಲ ನಡುವೆ ಇಳಿಸಿ ಕೈ ಒರೆಸಿಕೊಂಡಳು. ಲಿಂದೊಮಾರ ಅದನ್ನೂ ತನ್ನ ಇನ್ನೊಂದು ಹೆಗಲಿಗೆ ಏರಿಸಿಕೊಂಡ.

“ಲೇ ಮುದ್ಕಾ!” ಮೇಲಿನಿಂದ ಝುಲ್ಮೀರಾ ಕಿರುಚಿದಳು. “ಮೋಲ್ಡು ಗಟ್ಟಿ ಆಯ್ತಾ ಅದೆ, ನೀನು ಅಲ್ಲಿ ಹೆಣದಂಗೆ ಕುಂತಿದ್ದೀಯಾ? ಥೂ, ನಿನ್ ಮಕಕ್ಕೆ ಬೆಂಕಿ ಹಾಕ! ಹಲ್ಗೆ ಬಿಟ್ಕೊಂಡು ಕಾಂಕ್ರೀಟೆಲ್ಲ ಒಳಕ್ಕೆ ಸುರೀತಾ ಅದೆ! ಏನಾರ ಆನಿಸ್ಕೊಡ್ರೋ!”

ಜೆನಿವಾಲ್ದೊ ತಲೆಯೆತ್ತಿದ. ತಾಯ್ನಾ ಹೊಸ ಗೋಡೆಯ ಕಿಟಕಿಯಲ್ಲಿ ನಿಂತಿದ್ದಳು. ಎರಡೂ ಕೈಯಿಂದ ಸೆಂಟ್ರಿಂಗ್ ಹಲಗೆಯನ್ನು ಮೇಲೆ ತಳ್ಳಿ ಹಿಡಿದಿದ್ದಳು. ಕೂದಲಿಗೆ, ಕಣ್ಣಿಗೆ ಸಿಮೆಂಟಿನ ನೀರು ಇಳಿಯುತ್ತಿತ್ತು. ಅವಳು ಅಪ್ಪನ ಮುಖವನ್ನೇ ನೋಡುತ್ತಿದ್ದಳು. ಜೆನಿವಾಲ್ದೊನಿಗೆ ಆಗ ಗೊತ್ತಾಯಿತು, ತನ್ನ ಕೆಳತುಟಿ ಇನ್ನೂ ಜೋತುಬಿದ್ದಿತ್ತು. ಒಳಕ್ಕೆಳೆದುಕೊಂಡರೂ ಬರಲೊಲ್ಲದು. ಅಂಥ ನಾಚಿಕೆ ಅವನಿಗೆ ಹುಟ್ಟಿದಾಗಿನಿಂದ ಆಗಿರಲಿಲ್ಲ.

ಅವನು ಎದ್ದ. ಕುರ್ಚಿಯನ್ನು ಎತ್ತಿ ಮೆಟ್ಟಿಲಿಗೆ ಬಡಿದ. ಹಳೇ ಮರ, ಗಟ್ಟಿಯಾಗಿತ್ತು. ಮೂರು ನಾಲ್ಕು ಸಲ ಬಡಿಯಬೇಕಾಯಿತು. ಕೂರುವ ಹಲಗೆ ಒಂದು ಕಡೆ, ಕಾಲುಗಳು ಒಂದು ಕಡೆ ಆದವು.

“ಏಯ್! ಅದು ನನ್ನ ಕುರ್ಚಿ!” ಒಟಾವಿಯೊ ಚೀರಿದ. ಈ ಸಲ ನಗಲಿಲ್ಲ.

“ನಿಂದೇ ಕಣಯ್ಯಾ, ಯಾರಿಲ್ಲ ಅಂದ್ರು? ಮೇಲ್ಕ್ ಬಂದು ಇಸ್ಕೊಂಡೋಗು. ಬರಿಗೈಲಿ ಮಾತ್ರ ಬರಬ್ಯಾಡ,” ಎಂದ ಜೆನಿವಾಲ್ದೊ, ಮುರಿದ ಸೊಂಟದಲ್ಲೇ ಮೆಟ್ಟಿಲು ಹತ್ತುತ್ತ. ಅವನು ‘ಸಾರ್’ ಅನ್ನಲಿಲ್ಲವೆಂಬುದನ್ನು ಓಣಿಯೆಲ್ಲ ಗಮನಿಸಿತು. “ನಡೀರ್ಲಾ! ಏನ್ ನೋಡ್ತಾ ನಿಂತ್ರಿ? ಡಬ್ಬ ಕಳಿಸ್ರೋ!”

ಸಾಲು ಮತ್ತೆ ನಡೆಯಿತು. ಬಿಟ್ಟುಕೊಂಡ ಜಾಗಕ್ಕೆ ಕುರ್ಚಿಯ ಹಲಗೆ ಕೂತಿತು, ಕಂಬಕ್ಕೂ ಹಲಗೆಗೂ ನಡುವೆ ಕುರ್ಚಿಯ ಕಾಲನ್ನು ಬೆಣೆ ಹೊಡೆದರು. ಸುರಿಯುವುದು ನಿಂತಿತು. ಒಟಾವಿಯೊ ಓಣಿಯ ಬಾಯಲ್ಲಿ ಡಬ್ಬ ಹೊತ್ತವರ ನಡುವೆ ಸಿಕ್ಕಿ ಅತ್ತಲೂ ಇಲ್ಲ ಇತ್ತಲೂ ಇಲ್ಲ ಎಂಬಂತೆ ನಿಂತಿದ್ದ. ಕೊನೆಗೆ ಗಿರಾಕಿಗಳನ್ನು ಹಿಂದಿರುಗಿಸಿಕೊಂಡು ಹೋದ. ಮಧ್ಯಾಹ್ನ ಎಲ್ಲರೂ ಬಟ್ಟಲು ಹಿಡಿದು ಕೂತರು. “ಅಣ್ಣೋ, ಆ ಬನಿಯನ್ನು ಇನ್ ನಿಂಗ್ಯಾಕೆ? ನಂಗಾರ ಕೊಡು,” ಎಂದು ಲಿಂದೊಮಾರ ಕೇಳಿದ. ತಮಾಷೆಯೆಂದುಕೊಂಡು ಜೆನಿವಾಲ್ದೊ ಬಿಚ್ಚಿ ಕೊಟ್ಟ.

ಬುಧವಾರ ಕೆಳಗಿನಿಂದ ಇಬ್ಬರು ಬಂದರು. ಮಾತಿಲ್ಲ ಕತೆಯಿಲ್ಲ. ಬಾಗಿಲ ಪಕ್ಕ ಗೋಡೆಯ ಮೇಲೆ ನೀಲಿ ಬಣ್ಣದಲ್ಲಿ ಒಂದು ಗುರುತು, ಒಂದು ನಂಬರು ಬರೆದು ಹೋದರು. ಅದರ ಅರ್ಥ ಗುಡ್ಡದಲ್ಲಿ ಎಲ್ಲರಿಗೂ ಗೊತ್ತು: ಇದು ಕೆಡವುವ ಮನೆ. ಯಾವಾಗ ಎಂಬುದು ಮಾತ್ರ ಯಾರಿಗೂ ಗೊತ್ತಿರುವುದಿಲ್ಲ.

ಝುಲ್ಮೀರಾ ಬಾಗಿಲಲ್ಲಿ ಕೂತು ಬರೆದವರಿಗೆ ಶಾಪ ಹಾಕಿದಳು. ತಾಯ್ನಾ ಮಾತ್ರ ಚಾಪೆ ಸುತ್ತತೊಡಗಿದಳು. “ಜನ ಇರೋ ಮನೆ ಕೆಡವಕ್ಕೆ ಅವ್ರಿಗೆ ಕಾಗ್ದ ಬೇಕು. ಖಾಲಿ ಇದ್ರೆ ಸುತ್ಗೆ ಸಾಕು. ನಾನಿವತ್ತೇ ಮೇಲ್ಕೋಯ್ತೀನಿ,” ಎಂದಳು. ಸೆಂಟ್ರಿಂಗ್ ಬಿಚ್ಚಿರಲಿಲ್ಲ, ಕಂಬಗಳ ನಡುವೆಯೇ ಚಾಪೆ ಹಾಸಿದಳು. ಕಂಬದ ತುದಿಯಲ್ಲಿ ಚಾಚಿಕೊಂಡಿದ್ದ ಕುರ್ಚಿಯ ಕಾಲಿಗೆ ಕೂಸಿನ ಬಟ್ಟೆ ಒಣಹಾಕಿದಳು. ಕಿಟಕಿಯಿಂದ ಸಮುದ್ರದ ಗಾಳಿ ಬೀಸುತ್ತಿತ್ತು. ಕೂಸು ಆ ದಿನ ಬಾಯಿ ಮುಚ್ಚಿಕೊಂಡು, ಮೂಗಿನಲ್ಲೇ ಉಸಿರಾಡುತ್ತ ನಿದ್ದೆ ಮಾಡಿತು.

ಶನಿವಾರ ಜೆನಿವಾಲ್ದೊ ಮೋಲ್ಡಿನ ಮೇಲೆ ನಿಂತು ಪಕ್ಕದ ಡ್ರಮ್ಮಿನಿಂದ ಬಕೆಟ್ಟಿನಲ್ಲಿ ಮೊಗೆದು ನೀರು ಹೊಡೆಯುತ್ತಿದ್ದ. ಕೆಳಗೆ ಹಳದಿ ಕೊಡೆ ಬಂತು. ಲಿಂದೊಮಾರನ ಬಾಗಿಲಲ್ಲಿ ಇನ್ನೊಂದು ಮುರುಕು ಕುರ್ಚಿ. ಅದರ ಮೇಲೆ ತೂತು ಬನಿಯನ್ನಿನ ಲಿಂದೊಮಾರ. ಮುಖ ಮಾತ್ರ ದೇವರಿಗೇ ಪ್ರೀತಿ, ಹಲ್ಲುನೋವು ಬಂದವನ ಹಾಗಿತ್ತು. ಒಟಾವಿಯೊ ನೀಲಿ ಗುರುತಿನ ಮುಂದೆ ನಿಂತು ಏನೋ ಹೇಳಿದ, ಬೆರಳನ್ನು ಮೇಲಕ್ಕೆ ತೋರಿಸಿದ. ಕ್ಯಾಮೆರಾಗಳೆಲ್ಲ ಜೆನಿವಾಲ್ದೊನ ಕಡೆ ಎದ್ದವು. ಅವನ ಗಲ್ಲ ತಾನಾಗಿಯೇ ಇಳಿಯತೊಡಗಿತು.

“ಅಪ್ಪಾ,” ಮೋಲ್ಡಿನ ಕೆಳಗೆ, ತಾರಸಿಯ ಮುಂಭಾಗದಿಂದ ತಾಯ್ನಾ ಮೆಲ್ಲಗೆ ಎಂದಳು, “ಮಕ.”

ಜೆನಿವಾಲ್ದೊ ಬಕೆಟ್ಟನ್ನು ಎತ್ತಿ ನೀರನ್ನೆಲ್ಲ ಕೆಳಕ್ಕೆ ಚೆಲ್ಲಿದ. ಕೊಡೆ ಮಗುಚಿತು. ಒಟಾವಿಯೊ ತೊಯ್ದು ತೊಪ್ಪೆಯಾದ, ಕುರ್ಚಿಯಲ್ಲಿದ್ದ ಲಿಂದೊಮಾರನೂ ತೊಯ್ದ.

“ಹುಚ್ಚು ಹಿಡಿದಿದೆಯೇನೋ ಮುದುಕ!”

“ಮೋಲ್ಡಿಗೆ ನೀರ್ ಹೊಡೀತಾವ್ನಿ ಕಣಯ್ಯಾ! ಹಸೀ ಮೋಲ್ಡು, ಒಣಗ್ಬಾರ್ದು!” ಎಂದು ಜೆನಿವಾಲ್ದೊ ಕೂಗಿದ. “ಲೇ ಲಿಂದೊಮಾರ, ಎದ್ದೇಳ್ಲಾ!”

ಲಿಂದೊಮಾರ ಏಳಲಿಲ್ಲ. ಮೂಗಿನ ತುದಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಹಲ್ಲುನೋವಿನ ಮುಖ ಹೋಗಿ, ನೋಡನೋಡುತ್ತಲೇ ಅಲ್ಲಿ ನಿಜವಾದ ಬಡವನೊಬ್ಬ ಕೂತಿದ್ದ. ಟೋಪಿಯವರು ಗುರುತು ಬಿಟ್ಟು ಅವನನ್ನು ಮುತ್ತಿಕೊಂಡರು. ಒಟಾವಿಯೊ ಕಣ್ಣೊರೆಸಿಕೊಳ್ಳುತ್ತ, “ಹಾಂ, ಹಾಗೇ ಇರು, ಅಲ್ಲಾಡಬೇಡ,” ಎಂದ.

ಲಿಂದೊಮಾರ ಅಲ್ಲಾಡಲಿಲ್ಲ. ಅವನ ಮನೆಯಲ್ಲೂ ಗ್ಯಾಸು ಮುಗಿದಿತ್ತೆಂದು ಜೆನಿವಾಲ್ದೊನಿಗೆ ಗೊತ್ತಿತ್ತು. ಅವನು ಖಾಲಿ ಬಕೆಟ್ಟನ್ನು ಮತ್ತೆ ಡ್ರಮ್ಮಿಗೆ ಅದ್ದಿದ.