ಮಾರುಕಟ್ಟೆ ಬಿದ್ದಾಗ ಬರುವ ಫೋನು

೧

ಈ ಕತೆಯನ್ನು ಎಲ್ಲಿಂದ ಶುರು ಮಾಡಲಿ? ಶೇರು ಮಾರುಕಟ್ಟೆ ಧೊಪ್ಪನೆ ಬಿದ್ದ ಬೆಳಿಗ್ಗೆಯಿಂದ ಎಂದರೆ ವಾಣಿಜ್ಯ ಸುದ್ದಿ ಅಂದುಕೊಂಡು ದಾಟಿ ಹೋಗುತ್ತೀರಿ. ಒಂಟಿ ಹೆಂಗಸೊಬ್ಬಳು ಕಿಟಕಿಯ ಬಳಿ ಕೂತಿದ್ದಳು ಎಂದರೆ ಆಕಳಿಸುತ್ತೀರಿ. (ನನಗೂ ಆಕಳಿಕೆ ಬಂತು. ಆ ವಾಕ್ಯ ಹೊಡೆದುಹಾಕಿದೆ.)

೧, ಮತ್ತೊಮ್ಮೆ

ಜನರ ಉಳಿತಾಯವನ್ನು ಎಲ್ಲಿ ಹಾಕಬೇಕೆಂದು ಹೇಳುವುದು ಅವಳ ಕೆಲಸ. ಮೊದಲು ಆಫೀಸಿತ್ತು, ಈಗ ಊಟದ ಮೇಜೇ ಆಫೀಸು. ಮಾರುಕಟ್ಟೆ ಏರುವಾಗ ಅವಳನ್ನು ಕೇಳುವವರಿಲ್ಲ. ಆಗ ಪ್ರತಿಯೊಬ್ಬ ಗಿರಾಕಿಯೂ ತಾನೇ ಜಾಣ. ಬಿದ್ದ ದಿನ ಮಾತ್ರ ಫೋನು ಬಡಿದುಕೊಳ್ಳುತ್ತದೆ. ಅದಕ್ಕೇ ಬೆಳಿಗ್ಗೆ ಪರದೆಯ ಮೇಲೆ ಕೆಂಪು ಕಂಡರೆ ಅವಳು ತಲೆ ಬಾಚಿಕೊಂಡು, ಗಂಟಲು ಸರಿಮಾಡಿಕೊಂಡು ಕೂರುತ್ತಾಳೆ. ಇದನ್ನು ಯಾರಿಗೂ ಹೇಳಬೇಡಿ ಎಂದಿದ್ದಳು. ನನ್ನ ಬಾಯಿ ನಿಲ್ಲಬೇಕಲ್ಲ.

ಉಳಿದ ಗಿರಾಕಿಗಳೆಲ್ಲ ಆ್ಯಪ್ ಹಿಡಿದುಕೊಂಡು ಹೋದ ಮೇಲೆ ಈಗ ಫೋನು ಮಾಡುವವರು ಒಬ್ಬರೇ. ಕನ್ನಡಕದಂಗಡಿ ಮುಚ್ಚಿ ಮನೆಯಲ್ಲಿರುವ ಯಜಮಾನರು.

೩

(ಎರಡನೆಯದರಲ್ಲಿ ಅವಳ ಬಾಲ್ಯವಿತ್ತು. ಯಾರಿಗೂ ಬೇಕಾಗಿರಲಿಲ್ಲ, ತೆಗೆದೆ.)

ಆ ದಿನ ಮಾರುಕಟ್ಟೆ ಬಿತ್ತು. ಫೋನು ಬಂತು.

"ಏನಮ್ಮಾ, ಮುಳುಗಿದ್ವಾ?"

"ಮಾರಿದ್ರೆ ತಾನೇ ನಷ್ಟ ಸರ್? ಕಾದ್ರೆ ಮೇಲೆ ಬರುತ್ತೆ," ಎಂದಳು ಎಂದಿನಂತೆ.

"ಕಾಯಬಹುದಿತ್ತು. ಆದ್ರೆ ನಮ್ಮವಳಿಗೆ ಮೆಟ್ಟಿಲು ಹತ್ತೋಕಾಗ್ತಿಲ್ಲ. ಕೆಳಗಡೆ ಮನೆ ಒಂದು ನೋಡಿದೀವಿ, ಬರೋ ತಿಂಗಳು ದುಡ್ಡು ಕಟ್ಬೇಕು. ನೀವು ಹೇಳಿದ ಹಾಗೆ ಮಾಡ್ತೀನಿ."

ಇಲ್ಲಿ ನಾನು, 'ಇನ್ನೂ ಸ್ವಲ್ಪ ಕಾಯಿರಿ ಎಂದಳು' ಅಂತ ಬರೆದಿದ್ದೆ. ಹಾಗಾದರೆ ಅವರು ನಾಳೆಯೂ ಫೋನು ಮಾಡುತ್ತಾರೆ, ನಾಡಿದ್ದೂ ಮಾಡುತ್ತಾರೆ. ಮಾರಿಬಿಟ್ಟರೆ ಇವಳ ಹಂಗೇ ಇಲ್ಲ. ಅವಳು ನನ್ನ ಮೇಲೆ ಹರಿಹಾಯ್ದಳು.

"ನನಗೆ ಬೇಜಾರು ಅಂತ ಅವರ ಮನೆ ದುಡ್ಡಿಗೆ ಕೈ ಹಾಕ್ತೀರಾ?"

"ನಿನಗೋಸ್ಕರವೇ ಬರೆದೆ ಕಣಮ್ಮಾ."

"ನಿಮ್ಮ ಉಪಕಾರ ಸಾಕು. ಅಳಿಸಿ."

ಅಳಿಸಿದೆ.

೩, ಅವಳು ಹೇಳಿದಂತೆ

"ಸರ್, ವರ್ಷಗಟ್ಟಲೆ ಕಾಯೋಕಾಗೋ ದುಡ್ಡು ಮಾತ್ರ ಶೇರಿನಲ್ಲಿರ್ಬೇಕು. ಇದು ಹಾಗಲ್ಲ. ನಾಳೆ ಏರುತ್ತೋ ಇಳಿಯುತ್ತೋ ನನಗೂ ಗೊತ್ತಿಲ್ಲ. ಸ್ವಲ್ಪ ಕೈ ಸುಟ್ಕೊಂಡ್ರೂ ಪರವಾಗಿಲ್ಲ, ಇವತ್ತೇ ಮಾರಿ ಬ್ಯಾಂಕಿಗೆ ಹಾಕಿ."

"ಯಾವ ಬ್ಯಾಂಕು? ದೊಡ್ಡದಾ, ನಮ್ಮ ಬೀದಿ ಕೊನೇದಾ?"

"ಬಡ್ಡಿ ಜಾಸ್ತಿ ಅಂತ ಮರುಳಾಗ್ಬೇಡಿ. ಠೇವಣಿಗೆ ವಿಮೆ ಇದೆಯಾ, ಬೇಕಾದಾಗ ತೆಗೀಬಹುದಾ, ಕೇಳಿ. ಎರಡಕ್ಕೂ ಹೌದು ಅಂದ್ರೆ ಬೀದಿ ಕೊನೇದೇ ಒಳ್ಳೇದು. ಕೌಂಟರಿನಲ್ಲಿ ಮನುಷ್ಯರಿರ್ತಾರೆ, ಮಾತಾಡಿಸ್ತಾರೆ."

"ಸರಿಯಮ್ಮಾ. ಇನ್ಮೇಲೆ ನಿಮಗೂ ನನ್ನ ಕಾಟ ತಪ್ಪಿತು," ಎಂದು ಯಜಮಾನರು ಪ್ರೀತಿಯಿಂದಲೇ ನಕ್ಕರು.

ಅವಳೂ ನಕ್ಕಳು. ಕಾಟವೇನೂ ಅಲ್ಲ ಎನ್ನುವಷ್ಟರಲ್ಲಿ ಅವರು ಫೋನು ಇಟ್ಟಿದ್ದರು.

ಮುಕ್ತಾಯ, ಅ

ಮಾರನೇ ದಿನ ಯಜಮಾನರು, ಊಟ ಆಯ್ತಾ ಎಂದು ಕೇಳಲು ಸುಮ್ಮನೆ ಫೋನು ಮಾಡಿದರು. (ಅವಳು ಓದಿ, "ಇದು ನಿಮ್ಮ ಆಸೆ" ಎಂದಳು.)

ಮುಕ್ತಾಯ, ಆ

ನಾನೇ ಫೋನು ಮಾಡಿದೆ. ("ನೀವು ಮಾಡಿದ್ರೆ ಲೆಕ್ಕಕ್ಕಿಲ್ಲ. ನನ್ನ ಮಾತನ್ನೂ ನೀವೇ ಬರೀತೀರಿ.")

ಮುಕ್ತಾಯ, ಇ

ಮಾರನೇ ದಿನ ಮಾರುಕಟ್ಟೆ ಪಾತಾಳಕ್ಕಿಳಿಯಿತು. ಯಜಮಾನರ ದುಡ್ಡು ಅಷ್ಟರಲ್ಲಿ ಆಚೆ ಬಂದಿತ್ತು. ಯಾರ ಫೋನೂ ಬರಲಿಲ್ಲ. "ಸದ್ಯ, ಮನೆ ಉಳೀತು!" ಎಂದು ಅವಳು ಜೋರಾಗಿಯೇ ಹೇಳಿದಳು. ಕೇಳಿಸಿಕೊಳ್ಳಲು ಅವಳ ಮನೆಯಲ್ಲಿ ಯಾರೂ ಇರಲಿಲ್ಲ.

ಇಲ್ಲಿಗೆ ನಿಲ್ಲಿಸಿದರೆ ಕತೆ ಗಟ್ಟಿಯಾಗಿರುತ್ತದೆ ಎಂದು ನನಗೂ ಗೊತ್ತು. ಆದರೆ ನಾನು ಎದ್ದು ಹೋದರೆ ಅವಳ ಜೊತೆ ಇರುವವರು ಯಾರು? ನಿಮಗೆ ಅಂಥ ಅವಸರವೇನೂ ಇಲ್ಲದಿದ್ದರೆ ನೀವೂ ಸ್ವಲ್ಪ ಹೊತ್ತು ಕೂತಿರಿ. ಅವಳಿನ್ನೂ ಮೇಜಿನ ಮುಂದೆಯೇ ಇದ್ದಾಳೆ,