ಅವ್ವ ತೀರಿಕೊಂಡಿರುವುದರಿಂದ

ಆ ಶುಕ್ರವಾರ ಬೆಳಿಗ್ಗೆ ಗೋಪಾಲಸ್ವಾಮಿ ಬೆಟ್ಟದ ಕಡೆಯಿಂದ ಇಳಿದ ಮಂಜು ಭೀಮನಬೀಡಿನ ಮೇಲೆ ಕುಳಿತದ್ದು, ಎಂಟು ಗಂಟೆಯಾದರೂ ಮೇಲೇಳಲಿಲ್ಲ. ಹೊಲವೆಲ್ಲಿ ಮುಗಿಯಿತು, ರಸ್ತೆಯೆಲ್ಲಿ ಶುರುವಾಯಿತು ಎಂದು ಕಣ್ಣಿಗೆ ತಿಳಿಯದು. ಗುಂಡ್ಲುಪೇಟೆಯ ಬಸ್ಸು ದೀಪ ಹಾಕಿಕೊಂಡು ತಡವುತ್ತ ತಡವುತ್ತ ಬಂತು. ಸೃಷ್ಟಿ ಮಾಡಿದವನು ಒಂದೊಂದು ದಿನ ತಾನು ಮಾಡಿದ್ದನ್ನೆಲ್ಲ ಬಿಳಿ ಬಟ್ಟೆಯಲ್ಲಿ ಮುಚ್ಚಿಟ್ಟು, ಇದರ ಅಡಿಯಲ್ಲಿ ಏನಿತ್ತು ಹೇಳಿ ನೋಡೋಣ ಎಂದು ನಮ್ಮನ್ನು ಕೇಳುತ್ತಾನೋ ಏನೋ. ಶಿವಲಕ್ಷ್ಮಿ ಸೆರಗನ್ನು ತಲೆಗೆ ಹೊದ್ದು, ಮನಸ್ಸಿನಲ್ಲೇ ಮಾದಪ್ಪನನ್ನು ನೆನೆದು ಬಸ್ಸು ಹತ್ತಿದಳು.

ಮಗಳು ಬೃಂದಾ ಸ್ಪೆಷಲ್ ಕ್ಲಾಸಿಗೆಂದು ಮೊದಲನೇ ಬಸ್ಸಿಗೇ ಹೋಗಿದ್ದಳು. ಗುಂಡ್ಲುಪೇಟೆಯ ಹೈಸ್ಕೂಲಿನಲ್ಲಿ ಹತ್ತನೇ ತರಗತಿ. ಪರೀಕ್ಷೆಗೆ ಇನ್ನು ಒಂದೂವರೆ ತಿಂಗಳು. ಹಿಂದಿನ ಸಂಜೆ ಅವಳ ಕ್ಲಾಸ್ ಟೀಚರ್ ಫರಹತ್ ಮೇಡಂ ಫೋನ್ ಮಾಡಿ, "ಹಾಜರಾತಿ ಕಮ್ಮಿ ಬಿದ್ದಿದೆ. ಕೊರತೆ ಇರೋರ ಪಟ್ಟಿ ನಾಳೆ ಸಂಜೆ ಮೇಲಿನ ಆಫೀಸಿಗೆ ಹೋಗ್ತದೆ. ಅದರಲ್ಲಿ ಹೆಸರು ಹೋದ್ರೆ ಹಾಲ್ ಟಿಕೆಟ್ ಬರಲ್ಲ. ನೀವು ಬಂದು ಹೆಡ್‌ಮಾಸ್ಟರನ್ನ ನೋಡಿ" ಎಂದಿದ್ದರು. ಇನ್ನೂ ಏನನ್ನೋ ಹೇಳಬೇಕೆಂದು ತಡೆದ ಹಾಗಿತ್ತು. "ಬಂದಾಗ ಮಾತಾಡನ" ಎಂದು ಇಟ್ಟುಬಿಟ್ಟರು.

ಗಂಡ ಚಂದ್ರಕುಮಾರನಿಗೆ ಬದನಗುಪ್ಪೆಯ ಫ್ಯಾಕ್ಟರಿಯಲ್ಲಿ ಕೆಲಸ. ಅಲ್ಲೇ ರೂಮು, ಭಾನುವಾರಕ್ಕೊಮ್ಮೆ ಮನೆ. ಹಾಗಾಗಿ ಹೋಗಬೇಕಾದವಳು ಶಿವಲಕ್ಷ್ಮಿಯೇ. ಹೆಡ್‌ಮಾಸ್ಟರ್ ಗಂಗಾಧರಸ್ವಾಮಿಯವರನ್ನು ಅವಳು ಜೂನ್ ತಿಂಗಳ ಪೋಷಕರ ಸಭೆಯಲ್ಲಿ ದೂರದಿಂದ ನೋಡಿದ್ದಳು. ಹರದನಹಳ್ಳಿಯ ಕಡೆಯವರು. ನಿಯಮಗಳನ್ನು ಮಂತ್ರದ ಹಾಗೆ ಓದಿದ್ದರು: ಮಗು ಬರದಿದ್ದರೆ ಹತ್ತು ಗಂಟೆಯೊಳಗೆ ತಿಳಿಸಬೇಕು, ರಜೆ ಚೀಟಿಯಲ್ಲಿ ನಿಜವಾದ ಕಾರಣ ಇರಬೇಕು, ಪೋಷಕರ ಸಹಿ ಇರಬೇಕು, ನೂರಕ್ಕೆ ಎಪ್ಪತ್ತೈದು ದಿನ ತುಂಬದವರು ಪರೀಕ್ಷೆಯ ಆಸೆ ಬಿಡಬೇಕು.

ಶಾಲೆ ತಲುಪಿದಾಗ ಪ್ರಾರ್ಥನೆ ಮುಗಿದಿತ್ತು. ಹತ್ತನೇ ತರಗತಿಯ ಹೊರಗಿನ ಜಗಲಿಯ ಮೇಲೆ ಕಂಬಕ್ಕೆ ಆನಿಕೊಂಡು ಒಬ್ಬಳು ಹುಡುಗಿ ನಿಂತಿದ್ದಳು. ಮಂಜಿನಲ್ಲಿ ಮುಖ ಕಾಣಲಿಲ್ಲ. ಯಾರದೋ ಮನೆಯ ಮಗು, ಏನು ತಪ್ಪು ಮಾಡಿತ್ತೋ ಎಂದುಕೊಂಡು ಶಿವಲಕ್ಷ್ಮಿ ಆಫೀಸಿನ ಕಡೆ ನಡೆದಳು. ಬಾಗಿಲಲ್ಲಿ ಕೂತಿದ್ದ ಜವಾನ ತಲೆಯೆತ್ತದೆ, "ಯಾರ ಕಡೆಯೋರು?" ಎಂದ.

"ಬೃಂದಾ, ಟೆಂತ್ ಬಿ. ಅವಳ ತಾಯಿ."

ಜವಾನ ಆಗ ತಲೆಯೆತ್ತಿದ. ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಓ, ನೀವೇಯಾ" ಎಂದು ಒಂದು ಥರಾ ನಕ್ಕು ಒಳಗೆ ಬಿಟ್ಟ.

ಹೆಡ್‌ಮಾಸ್ಟರ್ ಕೂತುಕೊಳ್ಳಿ ಎನ್ನಲಿಲ್ಲ. ಅವರ ಪಕ್ಕದಲ್ಲಿ ಫರಹತ್ ಮೇಡಂ ಹಾಜರಿ ಪುಸ್ತಕ ಹಿಡಿದು ನಿಂತಿದ್ದರು.

"ಅವರಪ್ಪ ಬರಲಿಲ್ವಾ?"

"ಭಾನ್ವಾರ ಬತ್ತಾರೆ ಸಾ. ನಾನವ್ಳ ತಾಯಿ."

"ಹಾಜರಾತಿ ವಿಚಾರಕ್ಕೆ ಸೋಮವಾರ ನಾನು ಫೋನ್ ಮಾಡಿದಾಗ್ಲೂ ಹಾಗೇ ಅಂದ್ರಿ. ತಾಯಿ ಅಂದ್ರಿ, ನಾನು ಇಟ್ಟುಬಿಟ್ಟೆ. ಸತ್ತೋರ ಹತ್ರ ಏನು ಮಾತಾಡೋದು ಅಂತ."

ಶಿವಲಕ್ಷ್ಮಿಗೆ ಸೋಮವಾರದ ಆ ಕರೆ ನೆನಪಾಯಿತು. ಯಾರೋ ನೀವ್ಯಾರು ಎಂದು ಕೇಳಿ, ಉತ್ತರ ಬರುತ್ತಲೇ ಕತ್ತರಿಸಿದ್ದರು. ಆದರೆ ಈಗ ಕೇಳಿದ ಮಾತು ಅರ್ಥವಾಗಲಿಲ್ಲ. "ಏನಂದ್ರಿ ಸಾ?"

ಹೆಡ್‌ಮಾಸ್ಟರ್ ಮೇಜಿನ ಮೇಲಿದ್ದ ಒಂದು ಹಾಳೆಯನ್ನು ಎತ್ತಿ, ತರಗತಿಗೆ ಪಾಠ ಓದುವ ಧ್ವನಿಯಲ್ಲಿ ಓದಿದರು. "ಮಾನ್ಯರೇ, ನಮ್ಮ ಅವ್ವ ತೀರಿಕೊಂಡಿರುವುದರಿಂದ ತಿಥಿ ಮುಗಿಯುವವರೆಗೆ ಹನ್ನೊಂದು ದಿನ ನನಗೆ ರಜೆ ಕೊಡಬೇಕೆಂದು ಬೇಡಿಕೊಳ್ಳುತ್ತೇನೆ. ಬೃಂದಾ. ಕೆಳಗೆ ತಂದೆ ಸಹಿ." ಹಾಳೆಯನ್ನು ಅವಳ ಮುಂದೆ ಎಸೆದರು. "ಪರೀಕ್ಷೆ ಹತ್ತಿರ ಬಂದ್ರೆ ಈ ಊರ ಕಡೆ ಅಜ್ಜಿ ತಾತಂದಿರು ಸಾಯೋದು ನೋಡಿದ್ದೀನಿ. ಹೋದ ವರ್ಷ ಒಬ್ಬ ಒಂದೇ ಅಜ್ಜೀನ ಮೂರು ಸಲ ಮಣ್ಣು ಮಾಡಿದ. ನೀವು ಗಟ್ಟಿಗರು ಕಣಮ್ಮ, ತಾಯಿಗೇ ಕೈ ಹಾಕಿದ್ರಿ."

ಶಿವಲಕ್ಷ್ಮಿಯ ಕೈ ತಾನಾಗಿಯೇ ಕೊರಳಿನ ತಾಳಿಯ ಮೇಲೆ ಹೋಯಿತು. ಆಮೇಲೆ ಆ ಹಾಳೆಯ ಮೇಲಿದ್ದ ಎರಡಕ್ಷರವನ್ನು ನೋಡಿದಳು. ಅವ್ವ. ಆಗ ಅವಳಿಗೆ ಎಲ್ಲವೂ ಒಟ್ಟಿಗೆ ತಿಳಿಯಿತು.

ಅವಳು ಮದುವೆಯಾಗಿ ಭೀಮನಬೀಡಿಗೆ ಬಂದ ವರ್ಷವೇ ಅವಳ ತಂಗಿ ಭಾಗ್ಯ ಓದಲೆಂದು ಬಂದು ಆ ಮನೆಯಲ್ಲಿದ್ದಳು. ಭಾಗ್ಯ ದಿನವಿಡೀ ಅಕ್ಕಾ ಅಕ್ಕಾ ಎನ್ನುವಳು. ಚಂದ್ರಕುಮಾರ್ ತನ್ನ ತಾಯಿ ಮಹಾಲಕ್ಷ್ಮಮ್ಮನನ್ನು ಅವ್ವಾ ಎನ್ನುವನು. ಬೃಂದಾಳ ಬಾಯಿಗೆ ಮಾತು ಬಂದಾಗ, ಮನೆಯಲ್ಲಿ ಕೇಳಿದ್ದೇ ಬಂತು. ಹೆತ್ತವಳು ಅಕ್ಕನಾದಳು, ಅಜ್ಜಿ ಅವ್ವನಾದಳು. ಮಹಾಲಕ್ಷ್ಮಮ್ಮ, "ನಾನಲ್ಲ ಕಣಮ್ಮಿ, ಅಗೋ ಅವ್ಳು ನಿಮ್ಮವ್ವ" ಎಂದು ಎಷ್ಟೋ ಸಲ ತಿದ್ದಿ ಸೋತು, ಆಮೇಲೆ ಆ ಹೆಸರನ್ನು ಪ್ರೀತಿಯಿಂದ ಇಟ್ಟುಕೊಂಡಳು. ಶಿವಲಕ್ಷ್ಮಿಗೆ ಮೊದಮೊದಲು ನೋವಾಗಿತ್ತು. ಆಮೇಲೆ, ಕರೆದರೆ ಓಗೊಡುವವಳು ನಾನೇ ತಾನೆ, ಹೆಸರಲ್ಲೇನಿದೆ ಎಂದು ಬಿಟ್ಟುಬಿಟ್ಟಿದ್ದಳು. ಹೆಸರಲ್ಲಿ ಏನೆಲ್ಲ ಇರುತ್ತದೆಂದು ಭಗವಂತ ಇವತ್ತು ತೋರಿಸುತ್ತಿದ್ದ.

"ತೀರ್ಕಂಡದ್ದು ನಮ್ಮತ್ತೆ ಸಾ" ಎಂದಳು. "ಮಹಾಲಕ್ಷ್ಮಮ್ಮ. ಸಂಕ್ರಾಂತಿ ಆದ ಮೂರ್ನೇ ದಿಸ. ನನ್ ಮಗಳು ಅವ್ರನ್ನ ಅವ್ವ ಅಂತಾಳೆ. ನನ್ನ ಅಕ್ಕ ಅಂತಾಳೆ."

ಹೆಡ್‌ಮಾಸ್ಟರ್ ನಕ್ಕರು. ಆ ನಗೆಯಲ್ಲಿ ನಗು ಇರಲಿಲ್ಲ. "ಮೂವತ್ತು ವರ್ಷ ಕನ್ನಡ ಪಾಠ ಮಾಡಿದ್ದೀನಿ. ಅವ್ವ ಅಂದ್ರೆ ತಾಯಿ. ಅಕ್ಕ ಅಂದ್ರೆ ಅಕ್ಕ. ನಿಮ್ಮನೇಲಿ ಡಿಕ್ಷನರಿ ಬೇರೆ ಇದೆಯಾ?"

"ನಮ್ಮನೇಲಿರೋದು ಮನೆ ಮಾತು ಸಾ."

"ಬೆಳಿಗ್ಗೆ ಕೂತು ಇಬ್ಬರೂ ಕತೆ ಕಟ್ಕೊಂಡು ಬಂದಿದ್ದೀರ." ಅವರು ಎದ್ದು ನಿಂತರು. ಧ್ವನಿ ಏರಲಿಲ್ಲ, ಇನ್ನೂ ತಣ್ಣಗಾಯಿತು. "ಈ ಚೀಟಿ ಬಂದ ದಿನ ಇನ್ನೂರೈವತ್ತು ಮಕ್ಕಳನ್ನ ಪ್ರಾರ್ಥನೆಯಲ್ಲಿ ನಿಲ್ಲಿಸಿದೆ. ಒಂದು ನಿಮಿಷ ಮೌನ. ನಿಮ್ಮ ಆತ್ಮಕ್ಕೆ ಶಾಂತಿ ಸಿಗಲಿ ಅಂತ. ನನ್ನ ತಾಯಿ ಹೋಗಿ ಇನ್ನೂ ವರ್ಷ ತುಂಬಿಲ್ಲ, ಆ ಮಗೂನ ನೆನೆಸ್ಕೊಂಡು ನಾನೂ ಕಣ್ಣು ಒರೆಸ್ಕೊಂಡೆ. ನೋಡಿದ್ರೆ ನೀವು ಸೋಮವಾರ ಫೋನ್ ಎತ್ತಿ ಹಲೋ ಅಂತೀರ. ಊರೆಲ್ಲ ನಗ್ತಿದೆ. ಜವಾನನೂ ನಗ್ತಾನೆ."

"ನಕ್ಕಿದ್ದು ಕಂಡೆ" ಎಂದಳು ಶಿವಲಕ್ಷ್ಮಿ. "ಒಂದು ಸಲ ನಮ್ಮ ಮಗೀನ ಕರ್ದು, ಯಾರಮ್ಮ ತೀರ್ಕಂಡದ್ದು ಅಂತ ಕೇಳಕ್ಕೆ ಆಗ್ನಿಲ್ವಾ ಸಾ? ಮೂವತ್ತು ವರ್ಷ ಪಾಠ ಮಾಡಿದ ಬಾಯಿಗೆ ಅದೊಂದು ಮಾತು ಭಾರವಾಯ್ತಾ?"

"ಬಾಯಿ ಬಿಗಿ ಹಿಡಿದು ಮಾತಾಡಿ."

"ನನ್ನನ್ನೇ ಮಣ್ಣು ಮಾಡ್ಬುಟ್ಟು, ಬಾಯಿ ಬಿಗಿ ಇಡಿ ಅಂತೀರಲ್ಲ. ಸತ್ತೋರು ಸುಮ್ಕಿರ್ತಾರೆ ಸಾ, ನಾನು ಬದುಕಿವ್ನಿ."

ಫರಹತ್ ಮೇಡಂ ಅಲ್ಲಿಯವರೆಗೆ ನೆಲ ನೋಡುತ್ತಿದ್ದರು. ಈಗ ನಿಧಾನವಾಗಿ, "ಸರ್, ನಮ್ಮ ತಾಯೀನ ನಾನು ಇವತ್ತಿಗೂ ಆಪಾ ಅಂತಾನೇ ಕರೆಯೋದು" ಎಂದರು. "ಆಪಾ ಅಂದ್ರೆ ಅಕ್ಕ. ಚಿಕ್ಕಮ್ಮಂದಿರೆಲ್ಲ ಹಾಗೆ ಕರೀತಿದ್ರು, ನನಗೂ ಅದೇ ಅಂಟ್ಕೊಂತು. ಅಮ್ಮಿ ಅಂತ ನಮ್ಮನೇಲಿ ಕರೆಯೋದು ಅಜ್ಜೀನ."

"ಆಗಲೇ ಯಾಕೆ ಹೇಳಲಿಲ್ಲ ಮೇಡಂ?"

"ಈಗ ಇವರು ಹೇಳಿದ ಮೇಲೆ ಹೊಳೀತು. ಚೀಟಿ ತಗೊಂಡು ನಿಮ್ಮ ಕೈಗೆ ಕೊಟ್ಟವಳು ನಾನು. ಕೇಳಬೇಕಾಗಿದ್ದವಳೂ ನಾನೇ. ಕೇಳಲಿಲ್ಲ."

"ನಿಮ್ಮ ಮನೆ ವಿಚಾರ ನಿಮ್ಮದು. ಇವರು ಸುಳ್ಳು ಹೇಳ್ತಿಲ್ಲ ಅನ್ನೋದಕ್ಕೆ ಅದು ಸಾಕ್ಷಿ ಅಲ್ಲ." ಹೆಡ್‌ಮಾಸ್ಟರ್ ಮತ್ತೆ ಕೂತು ಪಟ್ಟಿಯನ್ನು ಹತ್ತಿರ ಎಳೆದುಕೊಂಡರು. "ಲೆಕ್ಕ ಹೇಳ್ತೀನಿ, ಕೇಳಿ. ನಿನ್ನೆಗೆ ಇನ್ನೂರು ದಿನ. ನೂರೈವತ್ತು ಬರಲೇಬೇಕು. ನಿಮ್ಮ ಮಗಳು ಬಂದಿರೋದು ನೂರ ನಲವತ್ತೇಳು. ಡೆಂಗ್ಯೂ ಅಂತ ಮಳೆಗಾಲದಲ್ಲಿ ಒಂದೂವರೆ ತಿಂಗಳು ಹೋಯ್ತು, ಸಾವು ಅಂತ ಹನ್ನೊಂದು ದಿನ ಹೋಯ್ತು, ಮಂಗಳ ಬುಧ ಗುರು ಮೂರು ದಿನ ಗೈರು. ಶಾಲೆಯಿಂದ ಶಿಫಾರಸು ಬರೀಬೇಕಾದ್ರೆ ನಂಬಿಕೆ ಇರಬೇಕು. ನನಗಿಲ್ಲ."

ಶಿವಲಕ್ಷ್ಮಿ ಮುಖ ಎತ್ತಿದಳು. "ಮಂಗ್ಳಾರ ಬುಧ್ವಾರ ನಿನ್ನೆ ಮೂರ್ ದಿಸವೂ ನನ್ ಮಗ್ಳು ಮೊದಲ್ನೇ ಬಸ್ಸಿಗೆ ಬಂದವ್ಳೆ. ಬುತ್ತಿ ಕಟ್ ಕಳ್ಸಿವ್ನಿ."

ಫರಹತ್ ಮೇಡಂ ಕಿಟಕಿಯ ಕಡೆ ತಿರುಗಿದರು. ಶಿವಲಕ್ಷ್ಮಿಯೂ ತಿರುಗಿ ನೋಡಿದಳು. ಹೊರಗೆ ಮಂಜು ಸ್ವಲ್ಪ ಹರಿದಿತ್ತು. ಜಗಲಿಯ ಕಂಬಕ್ಕೆ ಆನಿಕೊಂಡ ಹುಡುಗಿಯ ಎರಡು ಜಡೆ ಕಂಡಿತು. ಹೆಗಲಲ್ಲಿ ಇನ್ನೂ ಇಳಿಸದ ಬ್ಯಾಗು ಕಂಡಿತು.

ಮಗಳ ಪಕ್ಕದಲ್ಲೇ ನಡೆದು ಬಂದಿದ್ದಳು ಅವಳು. ಯಾರದೋ ಮಗು ಎಂದುಕೊಂಡಿದ್ದಳು.

"ಸುಳ್ಳು ಚೀಟಿ ಕೊಟ್ಟ ಮಕ್ಕಳು ಪೋಷಕರು ಬರೋವರೆಗೆ ಒಳಗೆ ಕೂರೋ ಹಾಗಿಲ್ಲ" ಎಂದರು ಹೆಡ್‌ಮಾಸ್ಟರ್. "ನಿಯಮ. ಅಪ್ಪನ್ನ ಕರ್ಕೊಂಡು ಬಾ ಅಂದಿದ್ದೆ."

"ಕರೀರಿ ಅವ್ಳನ್ನ."

ಕರೆಯಲು ಫರಹತ್ ಮೇಡಂ ತಾವೇ ಹೋದರು. ಬೃಂದಾ ಒಳಗೆ ಬಂದು ತಾಯಿಯನ್ನು ಕಂಡವಳೇ, "ಅಕ್ಕಾ" ಎಂದಳು. ಅಷ್ಟು ಮೆಲ್ಲಗೆ, ಅಷ್ಟು ಹಳೆಯ ಅಭ್ಯಾಸದಿಂದ ಬಂದ ಮಾತು ಅದು. ಹೆಡ್‌ಮಾಸ್ಟರ್ ಪೆನ್ನು ಕೆಳಗಿಟ್ಟರು.

"ಯಾಕಮ್ಮಿ ನಂಗ್ ಏಳ್ನಿಲ್ಲ ನೀನು? ಮೂರ್ ದಿಸ ನಿಂತ್ಕಂಡು ಮನೆಗ್ ಬಂದು, ಮುದ್ದೆ ಉಂಡು ಮಲಗ್ತಿದ್ದೆಯಲ್ಲ."

ಬೃಂದಾ ಹೆಗಲ ಬ್ಯಾಗನ್ನು ಸರಿಸಿಕೊಂಡಳು. ಹೆಡ್‌ಮಾಸ್ಟರ್ ಗದರಿದರು. "ಕೇಳಿದ್ದಕ್ಕೆ ಹೇಳು."

"ಏನಂತ ಏಳ್ಲಿ ಸಾ" ಎಂದಳು ಹುಡುಗಿ. ನೆಲ ನೋಡಿಕೊಂಡೇ ಮಾತಾಡಿದಳು. "ಸ್ಕೂಲಲ್ಲಿ ನೀನು ಸತ್ತೋಗಿದ್ದೀಯ ಅಂತವ್ರೆ ಅಂತ ಅಕ್ಕನ ಮುಂದೆ ಎಂಗೆ ಅನ್ಲಿ. ಮುತ್ತೈದೆಗೆ ಅಂಥ ಮಾತು ಅನ್ಬಾರ್ದು ಅಂತ ಅವ್ವ ಏಳ್ತಿದ್ರು. ಭಾನ್ವಾರ ಅಪ್ಪ ಬತ್ತದೆ, ಅಪ್ಪಂಗೆ ಏಳನ ಅಂತಿದ್ದೆ. ಅಲ್ಲಿಗಂಟ ನಿಂತ್ಕತೀನಿ ಅಂದ್ಕಂಡೆ."

"ಮಂಗಳವಾರ ನನಗ್ಯಾಕೆ ಹೇಳಲಿಲ್ಲ?"

"ಏಳಕ್ ಬಂದೆ ಸಾ. ಬಾಯ್ಮುಚ್ಚು ಅಂದ್ರಿ. ಮುಚ್ಕಂಡೆ."

ಅದು ಎದುರುತ್ತರವೂ ಆಗಿರಲಿಲ್ಲ, ದೂರೂ ಆಗಿರಲಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳಿದ್ದಳು. ದೇವರ ಮುಂದೆ ನಿಂತಾಗ ನಮ್ಮನ್ನು ಕುಗ್ಗಿಸುವುದು ಬೈಗುಳವಲ್ಲ. ನಮ್ಮದೇ ಮಾತನ್ನು ಒಂದಕ್ಷರ ಹೆಚ್ಚು ಕಡಿಮೆ ಇಲ್ಲದೆ ಯಾರಾದರೂ ತಿರುಗಿ ಹೇಳುವುದು.

ಆದರೆ ಶಿವಲಕ್ಷ್ಮಿಗೆ ಕರಗುವ ಮನಸ್ಸಿರಲಿಲ್ಲ. ಅವಳು ಮೇಜಿಗೆ ಇನ್ನೊಂದು ಹೆಜ್ಜೆ ಹತ್ತಿರ ಬಂದಳು.

"ಶಿಫಾರಸು ನಂಗ್ ಬ್ಯಾಡ ಸಾ. ನಂಬಿಕೇನೂ ನಿಮ್ತಾವೇ ಇರ್ಲಿ. ಡೆಂಗ್ಯೂ ಬಂದಾಗ ಬರ್ನಿಲ್ಲ, ಗೈರು ಅಂತ ಬರ್ಕೊಂಡ್ರಿ, ಸರಿ. ನಮ್ಮತ್ತೆ ತಿಥಿಗೆ ಹನ್ನೊಂದು ದಿಸ ಮನೇಲಿಟ್ಕಂಡೆ, ಅದೂ ಸರಿ. ನಿಮ್ಮ ಪುಸ್ತಕದಾಗೆ ಮೂರ್ ದಿಸ ಅವ್ಳು ಬರ್ನಿಲ್ಲ, ನಿಮ್ಮ ಜಗ್ಲಿ ಮೇಲೆ ಬಂದವ್ಳೆ. ಆ ಮೂರ್ ದಿಸ ನಮ್ದು. ಅಷ್ಟ್ ಕೊಡಿ, ಓಗ್ತೀವಿ."

"ಒಮ್ಮೆ ಬರೆದದ್ದನ್ನ ತಿದ್ದೋದು ಅಂದ್ರೆ ಮಕ್ಕಳಾಟ ಅಂದ್ಕೊಂಡ್ರಾ? ಮೇಲಿನವರು ಬಂದು ಕೇಳಿದ್ರೆ ಉತ್ತರ ಕೊಡೋನು ನಾನು."

"ಕೇಳ್ಲಿ. ಬಾಗಿಲಾಚೆ ನಿಲ್ಸಿ ಬರ್ನಿಲ್ಲ ಅಂತ ಬರ್ದೆ ಅಂತ ಏಳಿ. ನಿಜವಾದ ಕಾರಣ ಬರೀಬೇಕು ಅಂತ ನೀವೇ ಸಭೇಲಿ ಓದಿದ್ರಿ. ಅದು ನಮಗೊಬ್ರಿಗೇಯಾ?"

ಹೆಡ್‌ಮಾಸ್ಟರ್ ಅವಳನ್ನು ದುರುಗುಟ್ಟಿ ನೋಡಿದರು. ಅವಳೂ ಕಣ್ಣು ತಗ್ಗಿಸಲಿಲ್ಲ. ಹೊರಗೆ ಮೊದಲನೇ ಪೀರಿಯಡ್ಡಿನ ಗಂಟೆ ಹೊಡೆಯಿತು. ಮಕ್ಕಳ ಗಲಾಟೆ ಎದ್ದು, ಅಡಗಿತು. "ಮೂರು ದಿನವೂ ಪ್ರಾರ್ಥನೆಗೆ ನಿಂತಿದ್ದಳು ಸರ್, ನಾನು ನೋಡಿದ್ದೀನಿ" ಎಂದರು ಫರಹತ್ ಮೇಡಂ. "ಬೇಕಾದ್ರೆ ನಾನೂ ಸಹಿ ಮಾಡ್ತೀನಿ."

"ನಿಮ್ಮನ್ನ ಯಾರೂ ಕೇಳಲಿಲ್ಲ" ಎಂದರು ಅವರು.

ಹಾಗೆಂದು ಕೈ ಚಾಚಿದರು. ಮೇಡಂ ಪುಸ್ತಕ ಕೊಟ್ಟರು. ಪುಟ ತೆಗೆದು, ಬೃಂದಾಳ ಹೆಸರಿನ ಸಾಲಿನಲ್ಲಿ ಬೆರಳಿಟ್ಟು, ಮೂರು ಚೌಕಗಳಲ್ಲಿ ಒಂದೊಂದಾಗಿ ಕೆಂಪು ಗುರುತಿನ ಮೇಲೆ ಗೆರೆ ಎಳೆದು, ಪಕ್ಕದಲ್ಲಿ ಹಾಜರು ಎಂದು ಬರೆದರು. ಮೂರಕ್ಕೂ ಬೇರೆ ಬೇರೆ ಸಹಿ ಹಾಕಿದರು. ಕೊನೆಯ ಅಂಕಣದ ನೂರ ನಲವತ್ತೇಳನ್ನು ಹೊಡೆದು ನೂರೈವತ್ತು ಮಾಡಿದರು. ಕೊರತೆಯ ಪಟ್ಟಿಯಲ್ಲಿ ಆರನೆಯದಾಗಿದ್ದ ಅವಳ ಹೆಸರಿನ ಮೇಲೆ ಸ್ಕೇಲಿಟ್ಟು ಒಂದು ನೇರ ಗೆರೆ ಎಳೆದರು. ತಪ್ಪಾಯಿತು ಎನ್ನಲಿಲ್ಲ. ತಲೆಯನ್ನೂ ಎತ್ತಲಿಲ್ಲ. ಶಾಯಿ ಒಣಗುವವರೆಗೆ ಕಾದು, ಪುಸ್ತಕವನ್ನು ಓದುವವರ ಕಡೆಗೆ ತಿರುಗಿಸಿ, ಶಿವಲಕ್ಷ್ಮಿಯ ಮುಂದಕ್ಕೆ ತಳ್ಳಿದರು.