ಇಪ್ಪತ್ತೈದನೆಯ ಪೆಟ್ಟು

ಚಟ್ಟದ ಮುಂದಿನ ಬಿದಿರನ್ನು ಲಕ್ಕವ್ವ ಎರಡೂ ಕೈಯಿಂದ ನೆಲಕ್ಕೆ ಒತ್ತಿ ಹಿಡಿದಳು. ಎತ್ತಲು ಬಗ್ಗಿದ್ದ ನಾಲ್ವರು ಗಂಡಸರು ಬಗ್ಗಿದಂತೆಯೇ ನಿಂತರು.

"ಅಕ್ಕನ ಟೇಪ್ ಹಚ್ಚೂತನಕ ಹೆಣಾ ಏಳಂಗಿಲ್ಲ."

"ಯಾವ ಟೇಪ್ ಬೇ?" ಸತ್ತ ಸುಂದರಾಳ ಗಂಡ ಭಾವುಸಾಹೇಬ ಬೆಂಕಿಯ ಗಡಿಗೆ ಹಿಡಿದುಕೊಂಡೇ ಕೇಳಿದ.

"ವರಾತದ್ದು. ಹಲಗಿ ಬಡಿತದ್ದು."

"ತಲಿ ಕೆಟ್ಟೈತೇನ ನಿನಗ? ಮದವಿ ಮೆರವಣಿಗ್ಯಾಗ ಹುಡುಗ್ರು ಕುಣಿಯೂ ಟೇಪ್ ಅದು. ಭಜನಿಯವ್ರು ಬಂದು ಕುಂತಾರ ನೋಡು. ಮಂದಿ ಏನಂತಾರ?"

"ಮಂದಿ ಎಂಟ ವರ್ಷದಿಂದ ಅದಕ್ಕ ಕುಣದಾರ. ಇವತ್ತೊಂದ ದಿನಾ ಅದರ ಹಿಂದ ನಡೀಲಿ."

ನಿಪ್ಪಾಣಿಯ ಆ ಓಣಿಯಲ್ಲಿ ಅಂದು ಯಾರೂ ಬೀಡಿ ಕಟ್ಟಲು ಕೂತಿರಲಿಲ್ಲ. ಮೂವತ್ತು ಹೆಂಗಸರು ಗೋಡೆಗೆ ಒರಗಿ ಕೂತಿದ್ದರು. ಹನ್ನೆರಡನೇ ವಯಸ್ಸಿಗೆ ಮೊರ ಹಿಡಿದು ಬೀಡಿ ಸುತ್ತಲು ಕೂತ ಸುಂದರಾ ನಲವತ್ತೊಂದಕ್ಕೆ ಎದೆ ಕಟ್ಟಿ ಹೋಗಿದ್ದಳು. ಮುತ್ತೈದೆಯ ಸಾವೆಂದು ಹಸಿರು ಸೀರೆ ಉಡಿಸಿ, ಅರಿಶಿನ ಹಚ್ಚಿದ್ದರು.

"ನಂದ ಟೇಪ್ ಅದು, ಲಕ್ಕವ್ವಾ. ಎಲ್ಲಿ ಹಚ್ಚಬೇಕು, ಎಲ್ಲಿ ಬ್ಯಾಡ, ನಾ ಹೇಳತೇನಿ," ಎಂದ ಭಾವುಸಾಹೇಬ.

ನನ್ನದಂತೆ. ಲಕ್ಕವ್ವ ತಲೆ ಎತ್ತಿ ಅಕ್ಕನ ಗಂಡನನ್ನು, ತನ್ನ ಮಾಮಾನನ್ನು, ನೋಡಿದಳು. ರಾಯಬಾಗದಿಂದ ಅಥಣಿಯವರೆಗೆ ಅವನಿಗೆ ಟೇಪಿನ ಭಾವುಸಾಹೇಬ ಎಂದೇ ಹೆಸರು. ಅವಳು ಬಿದಿರು ಬಿಡಲಿಲ್ಲ.

*

ಎಂಬತ್ತನಾಲ್ಕನೇ ಇಸವಿಯಲ್ಲಿ ಅವನ ಕ್ಯಾಸೆಟ್ ಅಂಗಡಿ ಮನೆಯ ಮುಂದಿನ ಕೋಣೆಯಲ್ಲೇ ಇತ್ತು. ಕೊಲ್ಲಾಪುರದ ಗುಜರಿಯಿಂದ ಹಳೇ ರಿಕಾರ್ಡು ಹೊತ್ತು ತರುತ್ತಿದ್ದ. ಮುರಿದುಹೋದ ತಮಾಶಾ ಮೇಳಗಳ ಢೋಲಕಿ, ಯಾರೂ ನೆನಪಿಡದ ಹಲಗಿಯವರು. ಒಮ್ಮೆ ಯಾವುದೋ ದೂರ ದೇಶದ್ದೊಂದು ಬಂತು. ಹೊದಿಕೆಯ ಮೇಲೆ ಕಪ್ಪು ಹೆಣ್ಣುಮಗಳೊಬ್ಬಳು ಬಾಯ್ತುಂಬ ನಗುತ್ತಿದ್ದಳು. ಎರಡೇ ನಿಮಿಷದ ಬಡಿತವನ್ನು ದೊಡ್ಡ ಚಕ್ರದ ಟೇಪಿಗಿಳಿಸಿ, ಬ್ಲೇಡಿನಿಂದ ಕೊಯ್ದು, ಮತ್ತೆ ಮತ್ತೆ ಅಂಟಿಸಿ, ವರಾತದ ಹುಡುಗರು ಇಪ್ಪತ್ತು ನಿಮಿಷ ನಿಲ್ಲದೆ ಕುಣಿಯುವಂತೆ ಮಾಡಬೇಕೆಂಬುದು ಅವನ ಹಟ. ಆದರೆ ಅಂಟಿಸಿದಲ್ಲೆಲ್ಲ ಟಕ್ ಎನ್ನುತ್ತಿತ್ತು. ಕುಣಿಯುವವರ ಕಾಲು ಅಲ್ಲೇ ತಪ್ಪುತ್ತಿತ್ತು.

ಮಡಿಲಲ್ಲಿ ಮೊರ ಇಟ್ಟುಕೊಂಡು ಬೀಡಿ ಸುತ್ತುತ್ತಿದ್ದ ಸುಂದರಾ ಒಂದು ದಿನ ಅಂದಳು, "ನೆಟ್ಟಗ ಕೊಯ್ದ್ರ ಹಂಗ ಆಕ್ಕೈತಿ. ಓರೆ ಕೊಯ್ರಿ. ಬೀಡಿ ಎಲಿನೂ ಓರೆ ಸುತ್ತಿದ್ರನ ನಿಲ್ಲತೈತಿ."

"ಬಾ, ನೀನ ಕೊಯ್ಯಿ ಹಂಗಾರ," ಎಂದು ನಗುತ್ತ ಅವನು ಬ್ಲೇಡು ಕೊಟ್ಟ. ಆ ಬ್ಲೇಡು ಅವನ ಕೈಗೆ ಮರಳಲಿಲ್ಲ.

ಮಧ್ಯಾಹ್ನ ಬೀಡಿ ಕೊಟ್ಟು ಬಂದಮೇಲೆ ಅಂಗಡಿಯ ಬಾಗಿಲು ಮುಚ್ಚಿ ಸುಂದರಾ ಕೊಯ್ಯುತ್ತಿದ್ದಳು. ಟೇಪಿನ ತುದಿ ಹಿಡಿಯಲು ಲಕ್ಕವ್ವ ಒಬ್ಬಳೇ. ಪರದೇಶದ ರಿಕಾರ್ಡು ಕೇಳಿ ಅಕ್ಕ ಅಂದಿದ್ದಳು: "ಯಾವ ಭಾಷಾನೋ ಯಾಂವಗ್ಗೊತ್ತು. ಹೆಜ್ಜಿ ಮಾತ್ರ ನಮ್ದ ಐತಿ." ಅದರ ಬೆನ್ನಿಗೆ ನಮ್ಮ ಹಲಗಿ ಕೂಡಿಸಿದಳು. ಎಲ್ಲಿ ಮುಗಿದು ಎಲ್ಲಿ ಶುರುವಾಯಿತೆಂದು ಯಾರಿಗೂ ತಿಳಿಯಲಿಲ್ಲ.

ಕ್ಯಾಸೆಟ್ಟಿನ ಮೇಲೆ ಭಾವುಸಾಹೇಬನ ಹೆಸರು ಅಚ್ಚಾಯಿತು. "ನಿನ್ನ ಹೆಸರೂ ಹಾಕ ಅನ್ನು," ಎಂದಿದ್ದಳು ಲಕ್ಕವ್ವ. ಸುಂದರಾ ನಕ್ಕಳು. "ಬೀಡಿ ಕಟ್ಟಿನ ಮ್ಯಾಲ ನಮ್ಮ ಹೆಸರ ಇರತೈತೇನ, ಹುಚ್ಚಿ?"

ಆ ನಗು ಲಕ್ಕವ್ವನಿಗೆ ಅಂದೂ ಸೇರಿರಲಿಲ್ಲ.

*

"ನಿಮ್ದ ಆದ್ರ ಒಂದ ಹೇಳ್ರಿ ಮಾಮಾ," ಅವಳು ದನಿ ಏರಿಸಲಿಲ್ಲ. "ಅದರಾಗ ಸುತ್ತಿಗೊಂದ ಪೆಟ್ಟ ಹೆಚ್ಚೈತಿ. ಅದು ಯಾಕ ಬಂತು?"

ಓಣಿಯ ಬಾಯಲ್ಲಿ ಟೆಂಪೋ ನಿಲ್ಲಿಸಿದ್ದ ಸದಲಗಾದ ಪಾರಿಸ ಹತ್ತಿರ ಬಂದ. ವರಾತಗಳಿಗೆ ಸ್ಪೀಕರು ಕಟ್ಟುವವನು. ಇಂದು ಭಜನೆಯ ಮೈಕಿಗೆಂದು ಬಂದಿದ್ದ. "ಆ ಪೆಟ್ಟಿಗೇನ ಎಲ್ಲಾರೂ ಜಿಗ್ಯೂದ್ರಿ! ಅದಿಲ್ಲಂದ್ರ ನಮ್ಮ ಕಡೆ ವರಾತ ಮುಂದ ಸರಿಯಂಗಿಲ್ಲ. ಭಾವುಸಾಹೇಬ್ರು ತಪ್ಪಾಗೈತಿ, ತಿದ್ದತೇನಿ ಅಂದಿದ್ರು. ಹುಡುಗ್ರು ಬಿಡಲಿಲ್ಲ."

"ಒಂದ ಸುತ್ತಿಗೆ ಎಷ್ಟ ಪೆಟ್ಟ ಇರಬೇಕಿತ್ತ ಮಾಮಾ?"

"ಇಪ್ಪತ್ನಾಕ," ಭಾವುಸಾಹೇಬನ ದನಿ ಗಡಿಗೆಯ ಹೊಗೆಯಲ್ಲೇ ಉಳಿಯಿತು.

"ಆಕಿ ಎಷ್ಟಕ್ಕ ಕೊಯ್ದಿದ್ಲು?"

ಗೋಡೆಯ ಬುಡದಲ್ಲಿ ಎಲ್ಲರಿಗಿಂತ ಹಿರಿಯಳಾದ ಅಕ್ಕುತಾಯಿಯ ಹೆಬ್ಬೆರಳು ಪೆಟ್ಟು ಎಣಿಸುತ್ತ ಬೆರಳ ಗೆಣ್ಣಿನಿಂದ ಗೆಣ್ಣಿಗೆ ಹರಿಯಿತು. ಒಮ್ಮೆಗೇ ನಿಂತಿತು.

"ಇಪ್ಪತ್ತೈದ! ಅಯ್ಯ ನಮ್ಮವ್ವ, ಕಟ್ಟ ಅದು!"

ಇಪ್ಪತ್ತೈದು ಬೀಡಿಗೆ ಒಂದು ಕಟ್ಟು. ಆಗಲೇ ಇಪ್ಪತ್ತು ವರ್ಷ ಇಪ್ಪತ್ತೈದಕ್ಕೇ ನಿಂತು ದಾರ ಸುತ್ತಿದ ಬೆರಳು ಹಲಗಿಯನ್ನೂ ಅಲ್ಲಿಯೇ ಕಟ್ಟಿತ್ತು. ಹೆಂಗಸರ ಸಾಲಿನಲ್ಲಿ ಯಾರೋ ನಕ್ಕು, ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಇನ್ನೊಬ್ಬಳು ಅಳುತ್ತಲೇ ಅಂದಳು, "ನಮ್ಮ ಕಟ್ಟಿಗೆ ಇಡೀ ತಾಲೂಕಾ ಕುಣಿಸ್ಯಾಳಲ್ಲ ಖೋಡಿ!"

"ಗಂಡಸ್ರ ಎಣಿಕಿ ಅಲ್ಲ ಅದು," ಎಂದಳು ಅಕ್ಕುತಾಯಿ. "ಹಚ್ಚು ಟೇಪ."

ಭಾವುಸಾಹೇಬನ ಬಲಗೈ ಸೊಂಟಕ್ಕೆ ಹೋಗಿ, ಟೇಪ್ ಇದ್ದ ಅಂಗಡಿಯ ಕೀಲಿಕೈ ಬಿಚ್ಚಿತು. ಲಕ್ಕವ್ವನಿಗೆ ಕೊಡಲಿಲ್ಲ. ಬಗ್ಗಿ ಹೆಂಡತಿಯ ಪಾದದ ಹತ್ತಿರ, ಹಸಿರು ಸೀರೆಯ ಮೇಲೆ ಇಟ್ಟ.

ಲಕ್ಕವ್ವ ಬಿದಿರಿನಿಂದ ಕೈ ತೆಗೆದಳು.

*

ಯಾರೂ ಕುಣಿಯಲಿಲ್ಲ. ಟೆಂಪೋ ಮುಂದೆ, ಬೆಂಕಿ ಹಿಡಿದ ಭಾವುಸಾಹೇಬ ಅದರ ಹಿಂದೆ, ಚಟ್ಟ ಅವನ ಹಿಂದೆ. ಗೊತ್ತಿಲ್ಲದ ಭಾಷೆಯ ಹೆಣ್ಣುದನಿ ತಂಬಾಕಿನ ಗೋದಾಮುಗಳ ಗೋಡೆಗೆ ಬಡಿದು ಹಿಂತಿರುಗುತ್ತಿತ್ತು. ಭಜನೆಯವರು ತಾಳಗಳನ್ನು ಹೆಗಲಿಗೆ ಹಾಕಿಕೊಂಡು ಸುಮ್ಮನೆ ಬಂದರು.

ಹೆಂಗಸರು ಸ್ಮಶಾನಕ್ಕೆ ಬಾರದೆ ಹಿಂದಿರುಗಬೇಕಾದ ಬೇವಿನ ಮರದ ಬಳಿ ಕ್ಯಾಸೆಟ್ಟಿನ ಒಂದು ಬದಿ ಮುಗಿಯಿತು. ಮೆರವಣಿಗೆ ನಿಂತಿತು.

"ಹೆಣ್ಮಕ್ಕಳು ತಿರಗ್ರಿ ಇನ್ನ," ಎಂದ ಚಟ್ಟ ಹೊತ್ತವರಲ್ಲೊಬ್ಬ.

ಯಾರೂ ತಿರುಗಲಿಲ್ಲ. ಲಕ್ಕವ್ವ ಟೆಂಪೋದ ಹಿಂಬದಿಗೆ ಹತ್ತಿ ಕ್ಯಾಸೆಟ್ ಹೊರತೆಗೆದಳು. ಅಕ್ಕನ ಕೆನ್ನೆಗೆ ಹಚ್ಚಿದ ಅರಿಶಿನ ಇನ್ನೂ ಹೆಬ್ಬೆರಳಲ್ಲಿ ಹಸಿಯಾಗಿತ್ತು. ಅಚ್ಚಾದ ಭಾವುಸಾಹೇಬನ ಹೆಸರಿನ ಮೇಲೆ ಅದು ದಪ್ಪಗೆ ಮೂಡಿತು. ಅವಳು ಒರೆಸಲಿಲ್ಲ. ಮಗ್ಗುಲು ಬದಲಿಸಿ ಹಾಕಿ ಗುಂಡಿ ಒತ್ತಿದಳು.

"ನಡಿ, ಪಾರಿಸ."

ಅಕ್ಕುತಾಯಿ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು ಬೇವಿನ ಮರ ದಾಟಿದಳು.